ಹಳ್ಳದ ಗೆರೆ ಅಳಿಯದಿರಲಿ: ಮೈಸೂರು ಸೀಮೆಯ ಬಯಲುಗಳನ್ನು ಕೂಡಿಸುವ ಯೋಜನೆ

(ಮೈಸೂರಿನಲ್ಲಿ ನಡೆದ ನಾಗರಿಕರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಸಭೆಗೆ ನಮಸ್ಕಾರ. ಭೂಗೋಳದ ಅಧ್ಯಾಪನ ವೃತ್ತಿಯಲ್ಲಿದ್ದ ಅಷ್ಟೂ ವರ್ಷ ಪ್ರತಿ ಜೂನ್ ತಿಂಗಳಲ್ಲಿ ಹೊಸ ವಿದ್ಯಾರ್ಥಿಗಳಿಗೆ ನಾನು ಕೇಳುತ್ತಿದ್ದ ಮೊದಲ ಪ್ರಶ್ನೆಯನ್ನೇ ಇಂದು ನಿಮ್ಮ ಮುಂದೆಯೂ ಇಡುತ್ತೇನೆ: ನಿಮ್ಮ ಮನೆಯ ತಾರಸಿಯ ಮೇಲೆ ಬಿದ್ದ ಮಳೆ ಯಾವ ಹೊಳೆಗೆ ಹೋಗುತ್ತದೆ? ಮೈಸೂರು ಒಂದು ದಿಣ್ಣೆಯ ಮೇಲೆ ಕುಳಿತ ಊರು. ಉತ್ತರದ ಇಳಿಜಾರಿನ ನೀರು ಕೆಸರೆಯ ಕಡೆಗೆ ಇಳಿದು ಕಾವೇರಿಯ ದಾರಿ ಹಿಡಿಯುತ್ತದೆ. ದಕ್ಷಿಣದ ಇಳಿಜಾರಿನ ನೀರು ದಳವಾಯಿ ಕೆರೆಯ ಕಡೆಗೆ ಹರಿದು ಕಬಿನಿಯತ್ತ ಸಾಗುತ್ತದೆ. ದಿಣ್ಣೆಯ ಮೇಲೆ ಬೇರೆಯಾದ ಈ ಎರಡು ನೀರು ತಿರುಮಕೂಡಲಿನಲ್ಲಿ ಮತ್ತೆ ಒಂದಾಗುತ್ತದೆ. ನಡುವಿನ ಅಷ್ಟೂ ದೂರದಲ್ಲಿ ನಮ್ಮ ಹಿರಿಯರು ಕೆರೆಯ ಕೆಳಗೆ ಕೆರೆ ಕಟ್ಟಿ, ಮೇಲಿನದರ ಕೋಡಿ ಬಿದ್ದ ನೀರು ಕೆಳಗಿನದನ್ನು ತುಂಬುವಂತೆ ಹಳ್ಳಗಳನ್ನು ಕಾಪಾಡಿಕೊಂಡು ಬಂದಿದ್ದರು. ನನ್ನ ಇಂದಿನ ಮಾತೆಲ್ಲ ಆ ಕೋಡಿಗೂ ಮುಂದಿನ ಕೆರೆಗೂ ನಡುವೆ ಇರುವ ನೆಲವನ್ನು ಕುರಿತದ್ದು.

ಯೋಜನಾಕಾರರು ಈಚಿನ ದಶಕಗಳಲ್ಲಿ ಬಳಸುತ್ತಿರುವ 'ಹಸಿರು ಮೂಲಸೌಕರ್ಯ' ಎಂಬ ಮಾತು ಕೇಳಲು ಸ್ವಲ್ಪ ಒರಟಾಗಿದ್ದರೂ ಅದರೊಳಗಿನ ವಿಚಾರ ಗಟ್ಟಿಯಾಗಿದೆ. ಮೂಲಸೌಕರ್ಯ ಎಂದಾಗ ನಮಗೆ ನೆನಪಾಗುವುದು ರಸ್ತೆ, ವಿದ್ಯುತ್ತು, ಕುಡಿಯುವ ನೀರಿನ ಕೊಳವೆ. ಇವು ಮೂರರ ಬೆಲೆಯೂ ಇರುವುದು ಅವು ಒಂದಕ್ಕೊಂದು ಕೂಡಿಕೊಂಡಿರುವುದರಲ್ಲಿ. ಇಲ್ಲೊಂದು ಕಿಲೋಮೀಟರು, ಅಲ್ಲೊಂದು ಕಿಲೋಮೀಟರು ಎಂದು ತುಂಡು ತುಂಡಾಗಿ ಹಾಕಿದ ರಸ್ತೆಯನ್ನು ಯಾರೂ ರಸ್ತೆ ಎಂದು ಕರೆಯುವುದಿಲ್ಲ. ಕೆರೆ, ಬೆಟ್ಟ, ಹುಲ್ಲುಗಾವಲು, ತೋಪು, ಹಳ್ಳದ ದಂಡೆ ಇವೆಲ್ಲವೂ ಊರಿಗೆ ಕೆಲಸ ಮಾಡಿಕೊಡುವ ವ್ಯವಸ್ಥೆಗಳೇ: ಮಳೆಯನ್ನು ಹಿಡಿದು ನೆಲಕ್ಕೆ ಇಳಿಸುತ್ತವೆ, ನೆರೆಯ ರಭಸವನ್ನು ಕುಗ್ಗಿಸುತ್ತವೆ, ಬೇಸಿಗೆಯ ತಾಪವನ್ನು ತಗ್ಗಿಸುತ್ತವೆ, ಹಕ್ಕಿಗೂ ಬಾವಲಿಗೂ ಜೇನಿಗೂ ನೆಲೆ ಕೊಡುತ್ತವೆ, ಮನುಷ್ಯರಿಗೆ ಓಡಾಡಲು ತೆರವು ಕೊಡುತ್ತವೆ. ಈ ಕೆಲಸಗಳನ್ನು ಅವು ಸರಿಯಾಗಿ ಮಾಡಬೇಕಾದರೆ ಅವೂ ಕೂಡಿಕೊಂಡಿರಬೇಕು. ಆದ್ದರಿಂದ ದೊಡ್ಡ ಬಯಲುಗಳನ್ನು 'ನೆಲೆ' ಎಂದೂ ಅವುಗಳ ನಡುವಿನ ಉದ್ದನೆಯ ಪಟ್ಟಿಗಳನ್ನು 'ಕೊಂಡಿ' ಎಂದೂ ಇಲ್ಲಿ ಕರೆಯುತ್ತೇನೆ.

ನೆಲೆಗಳ ವಿಷಯದಲ್ಲಿ ಮೈಸೂರು ಭಾಗ್ಯಶಾಲಿ ಊರು. ಚಾಮುಂಡಿ ಬೆಟ್ಟದ ಮೀಸಲು ಅರಣ್ಯವಿದೆ. ಬೆಟ್ಟದ ಬುಡದಲ್ಲಿ, 1892ರಲ್ಲಿ ಆರಂಭವಾದ ಮೃಗಾಲಯಕ್ಕೆ ಸೇರಿದ ಕಾರಂಜಿ ಕೆರೆಯಿದೆ. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ರಾಣಿ ಲಿಂಗಾಜಮ್ಮಣ್ಣಿಯವರ ಹೆಸರಿನಲ್ಲಿ 1828ರಲ್ಲಿ ಕಟ್ಟಿಸಿದ ಲಿಂಗಾಂಬುಧಿ ಕೆರೆಯಿದೆ. ಅವರ ಕಾಲದಲ್ಲಿಯೇ 1864ರಲ್ಲಿ ಆದ ಕುಕ್ಕರಹಳ್ಳಿ ಕೆರೆಯಿದೆ. ಹುಣಸೂರು ರಸ್ತೆಯಲ್ಲಿ ಮುಂದೆ ಹೋದರೆ ಅರಬಿತಿಟ್ಟು ವನ್ಯಧಾಮ, ಶ್ರೀರಂಗಪಟ್ಟಣದ ಬಳಿ ರಂಗನತಿಟ್ಟು, ಇನ್ನೂ ಉತ್ತರಕ್ಕೆ ಮೇಲುಕೋಟೆಯ ವನ್ಯಧಾಮ. ಇವುಗಳಲ್ಲಿ ಪ್ರತಿಯೊಂದಕ್ಕೂ ಒಬ್ಬ ಒಡೆಯರಿದ್ದಾರೆ: ಎಲ್ಲೋ ವಿಶ್ವವಿದ್ಯಾನಿಲಯ, ಎಲ್ಲೋ ಅರಣ್ಯ ಇಲಾಖೆ, ಎಲ್ಲೋ ಮೃಗಾಲಯ. ಬೇಲಿಯಿದೆ, ಫಲಕವಿದೆ, ಕಾವಲಿದೆ. ನಡುವಿನ ಕೊಂಡಿಗಳಿಗೆ ಇವು ಯಾವುವೂ ಇಲ್ಲ.

ಕುಕ್ಕರಹಳ್ಳಿ ಕೆರೆಯ ಕಥೆಯಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ. 1799ರಿಂದ 1811ರವರೆಗೆ ದಿವಾನರಾಗಿದ್ದ ಪೂರ್ಣಯ್ಯನವರು ಕಾವೇರಿಯ ನೀರನ್ನು ಮೈಸೂರಿಗೆ ತರಲು ನಾಲೆಯೊಂದನ್ನು ತೋಡಿಸಿದರು. ಅವರು ಎಣಿಸಿದಂತೆ ಕಾವೇರಿಯೇನೂ ಊರಿಗೆ ಬರಲಿಲ್ಲ, ಆದರೆ ನಾಲೆಯ ಒಂದು ಭಾಗ ಪಶ್ಚಿಮದ ಇಳಿಜಾರಿನ ಮಳೆನೀರನ್ನು ಕೂಡಿಸಿಕೊಂಡು ಕುಕ್ಕರಹಳ್ಳಿ ಕೆರೆಯನ್ನು ತುಂಬುವ ಪೂರಕ ಕಾಲುವೆಯಾಗಿ ನಿಂತಿತು. ಕೆರೆಯನ್ನು ನಾವು ಪ್ರೀತಿಸಿದೆವು. ಏರಿಯ ಮೇಲೆ ಬೆಳಿಗ್ಗೆ ನಡೆಯುವವರು ಎಷ್ಟು ಜನ! ಹೂಳು ತುಂಬಿದರೆ ಪತ್ರಿಕೆಗೆ ಬರೆದೆವು, ನೀರು ಕೆಟ್ಟರೆ ಸಭೆ ಸೇರಿದೆವು. ಪೂರ್ಣಯ್ಯ ನಾಲೆಯ ಗುಂಟ ಮಾತ್ರ ಮನೆಗಳೂ ರಸ್ತೆಗಳೂ ಬಂದು, ಎಷ್ಟೋ ಕಡೆ ಅದು ಕಣ್ಣಿಗೇ ಬೀಳದಂತಾಯಿತು. ಕೆರೆ ಎಂದರೆ ನೀರು ನಿಂತ ಜಾಗ ಎಂದು ನಾವು ತಿಳಿದದ್ದೇ ಇದಕ್ಕೆ ಕಾರಣ. ನೀರು ಬರುವ ದಾರಿ ಮತ್ತು ಹೋಗುವ ದಾರಿ ಸೇರಿಯೇ ಕೆರೆಯಾಗುತ್ತದೆ ಎಂಬುದು ಕೆರೆಯ ನೀರು ಹಂಚುತ್ತಿದ್ದ ಹಳೆಯ ನೀರುಗಂಟಿಗಳಿಗೆ ತಿಳಿದಿದ್ದ ವಿಷಯ.

ಇನ್ನು ನನ್ನ ಅನುಭವದ ಒಂದು ಸಂಗತಿಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಒಂದು ವರ್ಷ ವಿದ್ಯಾರ್ಥಿಗಳ ಕೈಗೆ ನಗರದ ದಕ್ಷಿಣದ ಹಳ್ಳಿಯೊಂದರ ಹಳೆಯ ಗ್ರಾಮ ನಕ್ಷೆಯ ಪ್ರತಿ ಕೊಟ್ಟು, ಅದರಲ್ಲಿ ಕಾಣುವ ಒಂದು ಹಳ್ಳವನ್ನು ಮೂಲದಿಂದ ಕೆರೆಯವರೆಗೆ ನಡೆದು ನೋಡೋಣವೆಂದು ಹೊರಟೆವು. ಮೊದಲ ಭಾಗ ಹೊಲಗಳ ನಡುವೆ ಇತ್ತು. ದಂಡೆಯಲ್ಲಿ ಹೊಂಗೆ, ಅತ್ತಿ, ಲಕ್ಕಿ ಗಿಡಗಳಿದ್ದವು, ತಗ್ಗಿನಲ್ಲಿ ಜೊಂಡು ಬೆಳೆದಿತ್ತು, ಕುರಿ ಮಂದೆಯೊಂದು ಅದೇ ತಗ್ಗಿನ ನೆರಳು ಹಿಡಿದು ಸಾಗುತ್ತಿತ್ತು. ಒಂದು ಮೈಲಿಯಷ್ಟು ನಡೆದ ಮೇಲೆ ಹೊಸ ಬಡಾವಣೆಯ ಕಲ್ಲುಕಂಬಗಳು ಎದುರಾದವು. ಅಲ್ಲಿ ಹಳ್ಳ ಇರಲಿಲ್ಲ. ನಕ್ಷೆಯಲ್ಲಿ ಎರಡು ಗೆರೆಗಳ ನಡುವೆ ಸ್ಪಷ್ಟವಾಗಿ ಕಾಣುತ್ತಿದ್ದ ಆ ನೆಲವನ್ನು ಸಮ ಮಾಡಿ ಮೂವತ್ತು–ನಲವತ್ತರ ನಿವೇಶನಗಳನ್ನು ಗುರುತಿಸಲಾಗಿತ್ತು. ಬಡಾವಣೆಯ ಇನ್ನೊಂದು ತುದಿಯ ಎತ್ತರದ ಮೂಲೆಯಲ್ಲಿ ನಿಯಮದಂತೆ ಉದ್ಯಾನಕ್ಕೆ ಜಾಗ ಬಿಟ್ಟಿದ್ದರು. ಆ ಉದ್ಯಾನಕ್ಕೆ ಕೊಳವೆ ಬಾವಿಯ ನೀರು ಹಾಯಿಸುತ್ತಿದ್ದರು. ಅಕ್ಟೋಬರಿನ ಮಳೆಯಲ್ಲಿ ಹಳ್ಳದ ಜಾಗದ ಮನೆಗಳಿಗೆ ನೀರು ನುಗ್ಗಿದ್ದನ್ನು ಅಲ್ಲಿನ ತಾಯಿಯೊಬ್ಬರು ನಮಗೆ ವಿವರಿಸಿದರು. ಕಾನೂನು ಕೇಳುವಷ್ಟು ಹಸಿರು ಆ ಬಡಾವಣೆಯಲ್ಲಿ ಇತ್ತು, ಅದು ಇರಬೇಕಾದ ಕಡೆ ಇರಲಿಲ್ಲ. ಆ ಉದ್ಯಾನದ ಜಾಗವನ್ನೇ ಹಳ್ಳದ ಗುಂಟ ಉದ್ದಕ್ಕೆ ಬಿಟ್ಟಿದ್ದರೆ ಒಂದು ನಿವೇಶನವೂ ಕಡಿಮೆಯಾಗದೆ ಮನೆಗಳೂ ಉಳಿಯುತ್ತಿದ್ದವು, ಕೆಳಗಿನ ಕೆರೆಯೂ ತುಂಬುತ್ತಿತ್ತು. ನನ್ನ ಯೋಚನೆ ಗಟ್ಟಿಯಾದದ್ದು ಆ ದಿನದ ನಡಿಗೆಯಿಂದ.

ಗ್ರಾಮ ನಕ್ಷೆಯ ಬಗ್ಗೆ ಎರಡು ಮಾತು ಹೇಳಲೇಬೇಕು, ಏಕೆಂದರೆ ನಮ್ಮ ಸೀಮೆಯ ಹಸಿರು ಕೊಂಡಿಗಳ ನಕ್ಷೆಯನ್ನು ಯಾರೂ ಹೊಸದಾಗಿ ಬರೆಯಬೇಕಾಗಿಲ್ಲ. ಭೂಮಾಪನ ಮಾಡಿದವರು ಸಾಗುವಳಿಗೆ ಬಾರದ ನೆಲವನ್ನು ಖರಾಬು ಎಂದು ಕಂದಾಯದಿಂದ ಹೊರಗಿಟ್ಟರು. ಅದರಲ್ಲಿ ಎ ಖರಾಬು ಎಂದರೆ ಕಲ್ಲುಬಂಡೆ ಮೊದಲಾದ ಕಾರಣದಿಂದ ಬೇಸಾಯಕ್ಕೆ ಒದಗದ ನೆಲ. ಬಿ ಖರಾಬು ಎಂದರೆ ದಾರಿ, ಹಳ್ಳ, ಕೆರೆ, ಸ್ಮಶಾನದಂತಹ ಸಾರ್ವಜನಿಕ ಉಪಯೋಗಕ್ಕೆ ಮೀಸಲಾದ ನೆಲ. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 67ನೇ ಪ್ರಕರಣ ಸಾರ್ವಜನಿಕ ದಾರಿಗಳು, ಹೊಳೆ ಹಳ್ಳಗಳ ಪಾತ್ರ, ಕೆರೆ ಕಾಲುವೆಗಳು ಸರ್ಕಾರದ ಸ್ವತ್ತು ಎಂದು ಹೇಳುತ್ತದೆ. 1966ರ ನಿಯಮಗಳು ಪ್ರತಿ ನೂರು ದನಗಳಿಗೆ 12 ಹೆಕ್ಟೇರಿನಂತೆ ಗೋಮಾಳ ಬಿಡಬೇಕೆಂದು ವಿಧಿಸುತ್ತವೆ. ಇವುಗಳ ಜೊತೆಗೆ ಗುಂಡುತೋಪುಗಳು ಮತ್ತು ಬಂಡಿದಾರಿಗಳು. ಒಂದು ಹಳ್ಳಿಯ ನಕ್ಷೆಯಲ್ಲಿ ಇವು ಚೂರುಗಳಂತೆ ಕಾಣುತ್ತವೆ. ಅಕ್ಕಪಕ್ಕದ ಹತ್ತು ಹಳ್ಳಿಗಳ ನಕ್ಷೆಗಳನ್ನು ಅಂಚಿಗೆ ಅಂಚು ಕೂಡಿಸಿ ನೆಲದ ಮೇಲೆ ಹಾಸಿದಾಗ ಹಳ್ಳ ಹಳ್ಳವನ್ನು ಸೇರಿ, ಗೋಮಾಳ ಬೆಟ್ಟದ ಬುಡಕ್ಕೆ ತಾಗಿ, ಎಲೆಯ ನರಗಳಂತೆ ಒಂದು ಜಾಲ ತೆರೆದುಕೊಳ್ಳುತ್ತದೆ. ಇದನ್ನು ನಾನು ವಿದ್ಯಾರ್ಥಿಗಳೊಡನೆ ಒಂದು ಹಜಾರದ ನೆಲದ ಮೇಲೆ ಮಾಡಿ ನೋಡಿದ್ದೇನೆ. ಮಕ್ಕಳು ಬಹಳ ಹೊತ್ತು ಮಾತನಾಡದೆ ನಿಂತು ನೋಡಿದ್ದು ನೆನಪಿದೆ.

ಈ ಸಾಮುದಾಯಿಕ ನೆಲಗಳ ಒತ್ತುವರಿಯನ್ನು ಕುರಿತು ಸರ್ವೋಚ್ಚ ನ್ಯಾಯಾಲಯ 2011ರಲ್ಲಿ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಕಟುವಾಗಿ ಮಾತನಾಡಿ, ಅವುಗಳನ್ನು ತೆರವು ಮಾಡಿಸಿ ಗ್ರಾಮಗಳಿಗೆ ಹಿಂದಿರುಗಿಸುವ ಯೋಜನೆ ಮಾಡಬೇಕೆಂದು ಎಲ್ಲ ರಾಜ್ಯಗಳಿಗೂ ಸೂಚಿಸಿತು. ಕಾನೂನು ಇಲ್ಲವೆಂಬ ಕೊರತೆ ನಮಗಿಲ್ಲ.

ಕೊಂಡಿ ತುಂಡಾದರೆ ಏನಾಗುತ್ತದೆ ಎಂಬುದನ್ನು ನೀರಿಗಿಂತಲೂ ಪ್ರಾಣಿಗಳು ಬೇಗ ತಿಳಿಸುತ್ತವೆ. 2024ರ ಡಿಸೆಂಬರಿನ ಕೊನೆಯ ದಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಸಾಫ್ಟ್‌ವೇರ್ ಸಂಸ್ಥೆಯ ಆವರಣದಲ್ಲಿ ಚಿರತೆ ಕಾಣಿಸಿಕೊಂಡು, ಸಾವಿರಾರು ನೌಕರರು ಮನೆಯಿಂದಲೇ ಕೆಲಸ ಮಾಡಬೇಕಾಗಿ ಬಂದದ್ದು ನಿಮ್ಮೆಲ್ಲರಿಗೂ ನೆನಪಿರಬಹುದು. ಮಂಡ್ಯ ಸೀಮೆಯ ಕಬ್ಬಿನ ಗದ್ದೆಗಳಲ್ಲಿ ಕಟಾವಿನ ಸಮಯದಲ್ಲಿ ಚಿರತೆಯ ಮರಿಗಳು ಸಿಗುವುದು ಈಗ ಅಪರೂಪದ ಸುದ್ದಿಯಲ್ಲ. ಚಿರತೆ ಊರಿಗೆ ನುಗ್ಗಿತು ಎಂದು ನಾವು ಹೇಳುತ್ತೇವೆ. ಕುರುಚಲು ಕಾಡಿನ ಒಂದು ಗುಡ್ಡದಿಂದ ಇನ್ನೊಂದು ಗುಡ್ಡಕ್ಕೆ ಹಳ್ಳದ ಮರೆಯಲ್ಲಿ ರಾತ್ರಿ ದಾಟುತ್ತಿದ್ದ ಪ್ರಾಣಿಗೆ ಆ ಮರೆ ಇಲ್ಲವಾದಾಗ ಅದು ರಸ್ತೆಯನ್ನೋ ಆವರಣವನ್ನೋ ಹಾಯಲೇಬೇಕಾಗುತ್ತದೆ. ಇದರಿಂದ ಹಳ್ಳಿಯವರ ಜೀವಕ್ಕೂ ಕುತ್ತು ಬಂದಿದೆ ಎಂಬುದನ್ನು ನಾನು ಹಗುರವಾಗಿ ನೋಡುವುದಿಲ್ಲ. ಕೊಂಡಿಗಳನ್ನು ಯೋಜಿಸಬೇಕು ಎನ್ನುವುದಕ್ಕೆ ಅದೂ ಒಂದು ಕಾರಣ. ಸಣ್ಣ ಪ್ರಾಣಿಗಳ ಕಷ್ಟವಂತೂ ಸುದ್ದಿಯಾಗುವುದೇ ಇಲ್ಲ. ಒಂದೇ ಗುಡ್ಡದಲ್ಲಿ ಸಿಕ್ಕಿಕೊಂಡ ಪುನುಗು, ಮುಂಗುಸಿ, ನರಿಗಳ ಸಂತತಿ ಹೊರಗಿನ ಸಂಪರ್ಕವಿಲ್ಲದೆ ತಲೆಮಾರಿನಿಂದ ತಲೆಮಾರಿಗೆ ಕ್ಷೀಣಿಸುತ್ತದೆ.

ಹಕ್ಕಿಗಳ ವಿಷಯ ಬೇರೆ ಎಂದು ತೋರಬಹುದು, ಅವಕ್ಕೆ ರೆಕ್ಕೆಗಳಿವೆ. ಆದರೂ ಕೊಕ್ಕರೆ ಬೆಳ್ಳೂರಿನ ಕಡೆ ನೋಡಿ. ಮದ್ದೂರು ತಾಲ್ಲೂಕಿನ ಈ ಹಳ್ಳಿಯಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರ ನಡುವಿನ ಹುಣಿಸೆ, ಅರಳಿ ಮರಗಳಲ್ಲಿ ಗೂಡು ಕಟ್ಟುತ್ತವೆ. ಗೂಡಿಗೆ ಮರ ಸಾಕು. ಮರಿಗೆ ಉಣಿಸಲು ಶಿಂಷಾ ನದಿಯ ಮಡುಗಳೂ ಸುತ್ತಲಿನ ಕೆರೆಗಳೂ ಬೇಕು. ಹಾಗೆಯೇ ರಂಗನತಿಟ್ಟಿನ ಹಕ್ಕಿಗಳಿಗೆ ನಡುಗಡ್ಡೆಯೊಂದೇ ಸಾಲದು, ಸುತ್ತಲಿನ ಗದ್ದೆಬಯಲು ಮತ್ತು ಕೆರೆಗಳಲ್ಲಿ ಮೀನು, ಕಪ್ಪೆ ಸಿಗಬೇಕು. ರಂಗನತಿಟ್ಟನ್ನು 1940ರಲ್ಲಿ ಪಕ್ಷಿಧಾಮವೆಂದು ಘೋಷಿಸಲಾಯಿತು, 2022ರಲ್ಲಿ ಅದು ಅಂತರರಾಷ್ಟ್ರೀಯ ಮಹತ್ವದ ಜೌಗು ನೆಲಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಅದು ನಮ್ಮ ಹೆಮ್ಮೆ. ಆದರೆ ಪಕ್ಷಿಧಾಮದ ಗಡಿಯೊಳಗೆ ಹಕ್ಕಿ ಮಲಗುತ್ತದೆ, ಗಡಿಯ ಹೊರಗೆ ಉಣ್ಣುತ್ತದೆ. ಕೊಕ್ಕರೆ ಬೆಳ್ಳೂರಿನಿಂದ ಕಲಿಯಬೇಕಾದ ಇನ್ನೊಂದು ಪಾಠವಿದೆ. ಅಲ್ಲಿನ ಮರಗಳು ಖಾಸಗಿಯವರವು. ಹಕ್ಕಿಗಳಿಗಾಗಿ ಫಸಲನ್ನು ಬಿಟ್ಟುಕೊಟ್ಟ ಮರದ ಒಡೆಯರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುವ ಪದ್ಧತಿ ಬಂತು, 2007ರಲ್ಲಿ ಆ ಊರು ಸಮುದಾಯ ಮೀಸಲು ಪ್ರದೇಶವೆನಿಸಿತು. ಭೂಸ್ವಾಧೀನವಿಲ್ಲದೆ, ಊರವರನ್ನು ಎಬ್ಬಿಸದೆ ಸಂರಕ್ಷಣೆ ಸಾಧ್ಯ ಎಂಬುದಕ್ಕೆ ನಮ್ಮ ನೆಲದ ಉದಾಹರಣೆ ಇದು.

ಹೊರಗಿನ ಒಂದೇ ಒಂದು ಊರಿನ ಕಥೆಯನ್ನು ಹೇಳುತ್ತೇನೆ. ಅಮೆರಿಕದ ಬಾಸ್ಟನ್ ನಗರದಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಫ್ರೆಡ್ರಿಕ್ ಲಾ ಓಮ್‌ಸ್ಟೆಡ್ ಎಂಬ ಭೂದೃಶ್ಯ ಶಿಲ್ಪಿ ಸುಮಾರು ಏಳು ಮೈಲಿ ಉದ್ದದ ಉದ್ಯಾನಗಳ ಸರಣಿಯೊಂದನ್ನು ರೂಪಿಸಿದರು. ಅದಕ್ಕೆ 'ಪಚ್ಚೆಯ ಹಾರ' ಎಂಬ ಹೆಸರು ಬಂತು. ಇಂದು ನೋಡುವವರಿಗೆ ಅದು ಸುಂದರ ಉದ್ಯಾನ. ಅದರ ಮುಖ್ಯ ಭಾಗ ಹುಟ್ಟಿದ್ದು ಮಾತ್ರ ಮಡ್ಡಿ ಎಂಬ ಸಣ್ಣ ಹೊಳೆಯ ನೆರೆ ಮತ್ತು ಕೊಳಚೆಯ ತೊಂದರೆಗೆ ಪರಿಹಾರವಾಗಿ. ಓಮ್‌ಸ್ಟೆಡ್ ಹೊಳೆಯನ್ನು ಉದ್ಯಾನದ ಬೆನ್ನೆಲುಬಾಗಿ ಇಟ್ಟುಕೊಂಡರು. ಮುಂದಿನ ಶತಮಾನದಲ್ಲಿ ಊರಿನವರು ಆ ಹೊಳೆಯ ಒಂದು ತುಂಡನ್ನು ಕೊಳವೆಯೊಳಗೆ ಹಾಕಿ ಮೇಲೆ ವಾಹನ ನಿಲ್ದಾಣ ಮಾಡಿದರು. ಇದ್ದ ಹಾರದಲ್ಲಿ ಒಂದೇ ಒಂದು ಕೊಂಡಿ ಮರೆಯಾಯಿತು. 1996ರ ಅಕ್ಟೋಬರಿನಲ್ಲಿ ದೊಡ್ಡ ಮಳೆ ಬಂದಾಗ ಕೊಳವೆ ನೀರನ್ನು ತಾಳಲಾರದೆ ಹೊಳೆ ಉಕ್ಕಿ, ಭೂಗತ ರೈಲು ನಿಲ್ದಾಣದವರೆಗೂ ನೀರು ನುಗ್ಗಿತು. ಆ ಬಳಿಕ ಬಹು ವರ್ಷಗಳ ಪ್ರಯತ್ನದಿಂದ, ಬಹಳ ಹಣ ಸುರಿದು, ಮುಚ್ಚಿದ ಹೊಳೆಯನ್ನು ಅಗೆದು ಮತ್ತೆ ಬೆಳಕಿಗೆ ತಂದರು. ಮುಚ್ಚಿ, ಮನೆ ಕಟ್ಟಿ, ನೆರೆ ಕಂಡು, ಆಮೇಲೆ ಅಗೆಯುವ ಆ ದುಬಾರಿ ಸುತ್ತುದಾರಿಯನ್ನು ನಾವು ಹಿಡಿಯಬೇಕಾಗಿಲ್ಲ. ನಮ್ಮ ಹಳ್ಳಗಳಲ್ಲಿ ಬಹುಪಾಲು, ವಿಶೇಷವಾಗಿ ಹೊರ ವರ್ತುಲ ರಸ್ತೆಯ ಆಚೆ, ಇನ್ನೂ ತೆರೆದೇ ಇವೆ.

ಬಾಸ್ಟನ್ನಿನವರು 1893ರಲ್ಲಿಯೇ ಇನ್ನೊಂದು ಕೆಲಸ ಮಾಡಿದ್ದರು. ಸುತ್ತಲಿನ ಹಲವು ಪುರಸಭೆಗಳು ಒಬ್ಬೊಬ್ಬರಾಗಿ ಹೊಳೆದಂಡೆಯನ್ನೂ ಗುಡ್ಡಗಳನ್ನೂ ಕಾಯಲಾರವು ಎಂದು ತಿಳಿದು, ಎಲ್ಲಕ್ಕೂ ಸೇರಿ ಒಂದು ಪ್ರಾದೇಶಿಕ ಉದ್ಯಾನ ಆಯೋಗವನ್ನು ರಚಿಸಿಕೊಂಡರು. ನಮ್ಮಲ್ಲಿ ಕೊರತೆ ಇರುವುದು ಇಲ್ಲಿ. ಪ್ಲೇಗಿನ ಪೆಟ್ಟು ತಿಂದ ಮೇಲೆ ಮೈಸೂರು 1903ರಲ್ಲಿಯೇ ನಗರಾಭಿವೃದ್ಧಿಗೆ ವಿಶ್ವಸ್ತ ಮಂಡಳಿಯನ್ನು ಸ್ಥಾಪಿಸಿ ಗಾಳಿ ಬೆಳಕಿನ ಬಡಾವಣೆಗಳನ್ನು ಕಟ್ಟಿದ ಊರು. ಯೋಜನೆ ಎಂಬುದು ನಮಗೆ ಹೊಸದಲ್ಲ. ಆದರೆ ಮೈಸೂರಿನ ಮಹಾಯೋಜನೆ ತನ್ನ ಯೋಜನಾ ಪ್ರದೇಶದ ಗಡಿಯಲ್ಲಿ ನಿಲ್ಲುತ್ತದೆ, ಹಳ್ಳ ಅದರಾಚೆಗೂ ಹರಿಯುತ್ತದೆ. ಕಾವೇರಿಯ ಒಂದು ಬದಿಗೆ ಒಂದು ಜಿಲ್ಲೆಯ ಕಚೇರಿಗಳು, ಇನ್ನೊಂದು ಬದಿಗೆ ಇನ್ನೊಂದು ಜಿಲ್ಲೆಯವು. ಸಂವಿಧಾನದ 243ಝಡ್‌ಡಿ ಅನುಚ್ಛೇದವು ಜಿಲ್ಲಾ ಯೋಜನಾ ಸಮಿತಿಗಳಿಗೆ ಪಂಚಾಯತಿಗಳೂ ನಗರಗಳೂ ನೀರು ಮತ್ತು ಇತರ ನೈಸರ್ಗಿಕ ಸಂಪನ್ಮೂಲಗಳನ್ನು ಹಂಚಿಕೊಳ್ಳುವ ಬಗೆಯನ್ನೂ ಪರಿಸರ ಸಂರಕ್ಷಣೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂಬ ಹೊಣೆ ಹೊರಿಸಿದೆ. ಮೈಸೂರು, ಮಂಡ್ಯ ಎರಡೂ ಸಮಿತಿಗಳು ಜೊತೆಯಾಗಿ ಕುಳಿತು ಒಂದು ಹಸಿರು ಕೊಂಡಿಗಳ ನಕ್ಷೆಯನ್ನು ಅಂಗೀಕರಿಸಿ, ಎಲ್ಲ ಯೋಜನಾ ಪ್ರಾಧಿಕಾರಗಳೂ ಅದನ್ನು ಪಾಲಿಸುವಂತೆ ಮಾಡಬೇಕೆಂಬುದು ನನ್ನ ಖಚಿತವಾದ ಅಭಿಪ್ರಾಯ.

ಮಂಡ್ಯದ ಕಡೆ ಈ ಕೆಲಸಕ್ಕೆ ಒದಗುವ ಇನ್ನೊಂದು ಸಂಪತ್ತು ನಾಲೆಗಳು. ಚಿಕ್ಕದೇವರಾಜರ ಹೆಸರಿನ ನಾಲೆಯಿಂದ ಹಿಡಿದು ವಿಶ್ವೇಶ್ವರಯ್ಯ ನಾಲೆಯವರೆಗೆ ಅವುಗಳ ಏರಿಗಳು ಮೈಲಿಗಟ್ಟಲೆ ತುಂಡಾಗದೆ ಸಾಗುತ್ತವೆ. ಏರಿಯ ಮೇಲೆ ಊರಿನ ಮರಗಳನ್ನು ಬೆಳೆಸಿ ಕಾಲುದಾರಿಯನ್ನು ಉಳಿಸಿದರೆ ಅದೇ ದೊಡ್ಡ ಕೊಂಡಿ. ಹೆದ್ದಾರಿಗಳು ಇದಕ್ಕೆ ಅಡ್ಡ ಬರುವಲ್ಲಿ ಮೋರಿಗಳನ್ನು ನೀರಿಗೂ ಪ್ರಾಣಿಗೂ ಸಾಲುವಷ್ಟು ಅಗಲ ಮಾಡಬೇಕು. 2022ರ ಆಗಸ್ಟ್ ಕೊನೆಯಲ್ಲಿ ಕೆರೆಗಳು ಕೋಡಿ ಬಿದ್ದು ರಾಮನಗರದ ಬಳಿ ಬೆಂಗಳೂರು–ಮೈಸೂರು ಹೆದ್ದಾರಿ ಮುಳುಗಿದ್ದನ್ನು ನಾವು ಕಂಡಿದ್ದೇವೆ.

ಇಲ್ಲಿ ಕೆಲವು ಎಚ್ಚರಿಕೆಗಳನ್ನು ಹೇಳದೆ ಮುಂದೆ ಹೋಗಲಾರೆ. ಹಸಿರು ಎಂದೊಡನೆ ಸಸಿ ನೆಡಲು ಹೊರಡುವುದು ಸರಿಯಲ್ಲ. ಮೇಲುಕೋಟೆಯ ವನ್ಯಧಾಮ 1974ರಲ್ಲಿ ಆದದ್ದು ತೋಳಕ್ಕಾಗಿ, ತೋಳಕ್ಕೆ ಬೇಕಾದದ್ದು ಕಲ್ಲು ಹುಲ್ಲಿನ ತೆರೆದ ಬಯಲು. ಅಂತಹ ಕಡೆ ಒತ್ತಾಗಿ ಮರ ನೆಟ್ಟರೆ ಆ ನೆಲೆ ಹಾಳಾಗುತ್ತದೆ. ಹಾಗೆಯೇ ಕೆರೆಯ ಅಭಿವೃದ್ಧಿ ಎಂಬ ಹೆಸರಿನಲ್ಲಿ ಅಂಗಳವನ್ನು ಬಟ್ಟಲಿನಂತೆ ಆಳಕ್ಕೆ ಕೊರೆದು, ಸುತ್ತ ಕಲ್ಲು ಕಟ್ಟಿ, ನಡಿಗೆಯ ದಾರಿ ಮಾಡಿದರೆ ತೆಳುನೀರಿನ ಕೆಸರಂಚಿನಲ್ಲಿ ಮೇಯುವ ಹಕ್ಕಿಗಳಿಗೆ ಕಾಲಿಡಲು ಜಾಗವಿಲ್ಲದಂತಾಗುತ್ತದೆ, ಎಷ್ಟೋ ಸಲ ಆ ಕಟ್ಟಡವೇ ಬರುವ ನೀರಿಗೂ ಅಡ್ಡವಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಕೊಂಡಿ ಒಳ್ಳೆಯದನ್ನು ಸಾಗಿಸುವ ಹಾಗೆ ಕೆಟ್ಟದ್ದನ್ನೂ ಸಾಗಿಸುತ್ತದೆ. ನಗರದ ಕೊಳಚೆ ಹಳ್ಳ ಹಿಡಿದು ಹೋಗಿ ದಳವಾಯಿ ಕೆರೆ ಏನಾಗಿದೆ ಎಂಬುದನ್ನು ನಂಜನಗೂಡು ರಸ್ತೆಯಲ್ಲಿ ಓಡಾಡುವವರೆಲ್ಲ ಬಲ್ಲರು. ಒಳಚರಂಡಿಯ ನೀರು ಶುದ್ಧವಾಗದೆ ಹಳ್ಳಕ್ಕೆ ಬೀಳುವುದನ್ನು ತಡೆಯದೆ ಕೆರೆಗಳನ್ನು ಬೆಸೆಯುವ ಮಾತಾಡುವುದು ಕೆಳಗಿನ ಊರಿನವರಿಗೆ ಮಾಡುವ ಅನ್ಯಾಯ.

ಅನ್ಯಾಯದ ಮಾತು ಬಂದದ್ದರಿಂದ ರೈತರ ವಿಷಯಕ್ಕೆ ಬರುತ್ತೇನೆ. ಕೊಂಡಿಗಳೆಲ್ಲವೂ ಸರ್ಕಾರಿ ನೆಲದಲ್ಲಿಯೇ ಸಿಗುವುದಿಲ್ಲ. ಹಳ್ಳದ ಎರಡೂ ದಂಡೆಗಳಲ್ಲಿ ಸಣ್ಣ ಹಿಡುವಳಿದಾರರು ಇದ್ದಾರೆ. ನಗರದವರ ವಾಯುವಿಹಾರಕ್ಕಾಗಿ ಅವರ ಅರ್ಧ ಎಕರೆಯನ್ನು ಹಸಿರು ಪಟ್ಟಿ ಎಂದು ಬಣ್ಣ ಬಳಿದು, ಬೆಲೆ ಇಳಿಸಿ, ಕೈತೊಳೆದುಕೊಂಡರೆ ಅವರು ಈ ಯೋಜನೆಯ ವಿರೋಧಿಗಳಾಗುತ್ತಾರೆ, ಆ ವಿರೋಧ ನ್ಯಾಯವಾದದ್ದೂ ಆಗಿರುತ್ತದೆ. ದಂಡೆಯ ನೆಲದಲ್ಲಿ ಬೇಸಾಯ ಮುಂದುವರಿಯಲಿ. ಕಟ್ಟಡ ಮಾತ್ರ ಬೇಡ ಎಂಬ ಒಪ್ಪಂದಕ್ಕೆ ವರ್ಷವರ್ಷವೂ ಹಣ ಕೊಡಬಹುದು, ಅಥವಾ ಈಗ ರಸ್ತೆ ಅಗಲೀಕರಣಕ್ಕೆ ಬಳಸುವ ಅಭಿವೃದ್ಧಿ ಹಕ್ಕು ವರ್ಗಾವಣೆಯನ್ನು, ಎಂದರೆ ನೆಲ ಬಿಟ್ಟುಕೊಟ್ಟವರಿಗೆ ಬೇರೆ ಕಡೆ ಹೆಚ್ಚು ಕಟ್ಟಿಕೊಳ್ಳುವ ಅಥವಾ ಇತರರಿಗೆ ಮಾರಬಹುದಾದ ಹಕ್ಕು ಕೊಡುವ ಪದ್ಧತಿಯನ್ನು, ಇದಕ್ಕೂ ಬಳಸಬಹುದು. ಕುರಿಗಾಹಿಗಳನ್ನು ಕೂಡ ಗೋಮಾಳದಿಂದ ದೂರವಿಡಬಾರದು. ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯ ಕಾಮೇಗೌಡರು ಕುರಿ ಕಾಯುತ್ತಲೇ ಬೆಟ್ಟದ ಇಳಿಜಾರಿನಲ್ಲಿ ಹತ್ತಕ್ಕೂ ಹೆಚ್ಚು ಕಟ್ಟೆಗಳನ್ನು ತೋಡಿಸಿ, ದನಕರುಗಳಿಗೂ ಹಕ್ಕಿ ಪ್ರಾಣಿಗಳಿಗೂ ನೀರು ನಿಲ್ಲುವಂತೆ ಮಾಡಿದವರು. ಬಯಲನ್ನು ಬಲ್ಲವರು ಅಂಥವರೇ.

ಕೆಲಸದ ಅನುಕ್ರಮದ ಬಗ್ಗೆ ಒಂದೇ ಒತ್ತಾಯ. ಭೂಪರಿವರ್ತನೆ ಮತ್ತು ಬಡಾವಣೆಯ ಅನುಮೋದನೆಗೆ ಮೊದಲೇ ಕೊಂಡಿಯ ಗೆರೆ ನಕ್ಷೆಯ ಮೇಲೆ ಇರಬೇಕು. ರಸ್ತೆಯ ಗೆರೆಯನ್ನು ನಾವು ಹಾಗೆಯೇ ಮಾಡುತ್ತೇವೆ: ಇಪ್ಪತ್ತು ವರ್ಷದ ನಂತರ ಬರುವ ವರ್ತುಲ ರಸ್ತೆಗೆ ಇಂದೇ ಜಾಗ ಗುರುತಿಸಿ, ಅಲ್ಲಿ ಮನೆ ಕಟ್ಟಲು ಬಿಡುವುದಿಲ್ಲ. ಹಳ್ಳಕ್ಕೂ ಅದೇ ಮರ್ಯಾದೆ ಸಲ್ಲಬೇಕು. ಗೆರೆ ಗೊತ್ತಾದ ಮೇಲೆ ಪ್ರತಿ ಬಡಾವಣೆಯವರೂ ತಾವು ಬಿಡಲೇಬೇಕಾದ ಉದ್ಯಾನದ ಪಾಲನ್ನು ಆ ಗೆರೆಯ ಗುಂಟ ಬಿಟ್ಟರೆ, ಒಂದರ ಪಕ್ಕ ಒಂದು ಕೂಡಿಕೊಂಡು ಸರ್ಕಾರಕ್ಕೆ ಹೆಚ್ಚಿನ ಖರ್ಚಿಲ್ಲದೆಯೇ ಕೊಂಡಿ ಉಳಿಯುತ್ತದೆ.

ಉಪನ್ಯಾಸ ಮುಗಿದ ಮೇಲೆ ಇಲವಾಲದ ಕಡೆಯಿಂದ ಬಂದಿದ್ದ ಹಿರಿಯ ರೈತರೊಬ್ಬರು, "ಸ್ವಾಮಿ, ನಮ್ಮೂರ ಹಳ್ಳ ನಕಾಶೆಯಲ್ಲಿ ಎಷ್ಟು ಅಗಲ ಐತೆ ಅಂತ ನಮಗೇ ಗೊತ್ತಿಲ್ಲ, ಎಲ್ಲಿ ಕೇಳೋದು?" ಎಂದರು. ಅವರಿಗೆ ಕೊಟ್ಟ ಉತ್ತರವನ್ನೇ ಇಲ್ಲಿಯೂ ಬರೆಯುತ್ತೇನೆ. ಗ್ರಾಮ ನಕ್ಷೆಯ ಪ್ರತಿಯನ್ನು ಭೂಮಾಪನ ಇಲಾಖೆಯಿಂದ ಪಡೆಯಬಹುದು, ಇಲಾಖೆಯ ಜಾಲತಾಣದಲ್ಲಿಯೂ ಅದು ಸಿಗುತ್ತದೆ. ದಿಶಾಂಕ್ ಎಂಬ ಆ್ಯಪ್ ಅನ್ನು ಮೊಬೈಲಿಗೆ ಹಾಕಿಕೊಂಡರೆ ನಿಂತ ಜಾಗದ ಸರ್ವೆ ನಂಬರು ತೋರಿಸುತ್ತದೆ. ಎರಡನ್ನೂ ಕೈಯಲ್ಲಿ ಹಿಡಿದು, ಊರಿನ ಇಬ್ಬರು ಹಿರಿಯರನ್ನೂ ಶಾಲೆಯ ನಾಲ್ಕು ಮಕ್ಕಳನ್ನೂ ಕರೆದುಕೊಂಡು, ಮುಂಗಾರಿಗೆ ಮೊದಲು ಹಳ್ಳ ಒಣಗಿರುವಾಗ ಒಂದು ಸಲ, ಮಳೆ ಹಿಡಿದ ಮೇಲೆ ಇನ್ನೊಂದು ಸಲ, ಮೇಲಿನ ಕೋಡಿಯಿಂದ ಕೆಳಗಿನ ಕೆರೆಯವರೆಗೆ ನಡೆಯಿರಿ. ಎಲ್ಲಿ ಹಳ್ಳ ಕಿರಿದಾಗಿದೆ, ಎಲ್ಲಿ ಇಲ್ಲವಾಗಿದೆ ಎಂಬುದನ್ನು ಸರ್ವೆ ನಂಬರಿನ ಸಮೇತ ಬರೆದು, ಗ್ರಾಮಸಭೆಯಲ್ಲಿ ಓದಿ, ನಡವಳಿ ಪುಸ್ತಕದಲ್ಲಿ ದಾಖಲಿಸಿ. ಅವರು ತಮ್ಮ ಹೆಸರು, ಊರು, ಫೋನ್ ನಂಬರನ್ನು ನನ್ನ ಪುಸ್ತಕದಲ್ಲಿ ಬರೆದುಕೊಟ್ಟು, ಯುಗಾದಿ ಕಳೆದ ಮೇಲೆ ಬನ್ನಿ ಎಂದು ಕರೆದು ಹೋಗಿದ್ದಾರೆ.